ಓದಲಾಗದ ಪತ್ರಕ್ಕೆ ಸಹಿ ಹಾಕುವ ಮುನ್ನ: ತೇನಿ, ದಿಂಡಿಗಲ್ ಸೀಮೆಯ ಕನ್ನಡ ಕುಟುಂಬಗಳಿಗೆ ಆಸ್ತಿ ನೋಂದಣಿಯ ವಿವರಣೆ

ಕಂಬಂ ಕಣಿವೆಯಲ್ಲಿಯೂ ದಿಂಡಿಗಲ್ ಸೀಮೆಯಲ್ಲಿಯೂ ಕನ್ನಡವು ಮನೆಯ ಮಾತಾಗಿ ಉಳಿದಿದೆ. ಕಾಗದದ ಮಾತಾಗಿ ಉಳಿದಿಲ್ಲ. ಕಪ್ಪಿಲಿಯರು, ಅನುಪ್ಪರು, ಕುರುಂಬರು, ದೇವಾಂಗ ನೇಕಾರರು ತಲೆಮಾರುಗಳಿಂದ ಅಲ್ಲಿ ನೆಲೆಸಿದ್ದಾರೆ. ಅವರು ಹೊಲ ಕೊಂಡದ್ದು, ಮನೆ ಮಾರಿದ್ದು, ಅಣ್ಣತಮ್ಮಂದಿರು ಭಾಗವಾದದ್ದು ಎಲ್ಲವೂ ತಮಿಳು ಪತ್ರಗಳಲ್ಲಿ ದಾಖಲಾಗಿದೆ. ವ್ಯವಹಾರದ ಮಾತುಕತೆ ಜಗಲಿಯ ಮೇಲೆ ಕನ್ನಡದಲ್ಲಿ ಮುಗಿಯುತ್ತದೆ, ಸಹಿ ಮಾತ್ರ ತಮಿಳು ಬರಹದ ಕೆಳಗೆ ಬೀಳುತ್ತದೆ. ತಾಳವಾಡಿ, ಹೊಸೂರು ಕಡೆಗಳಲ್ಲಿ ಮಕ್ಕಳನ್ನು ಕನ್ನಡ ಮಾಧ್ಯಮದಲ್ಲಿ ಓದಿಸುತ್ತಿರುವ ಕುಟುಂಬಗಳಿಗೂ ಈ ಸ್ಥಿತಿ ಅಪರಿಚಿತವಲ್ಲ. ಕಣಿವೆಯಲ್ಲಿ ನೆಂಟರೋ ಪಿತ್ರಾರ್ಜಿತ ಭೂಮಿಯೋ ಇರುವವರಿಗಂತೂ ಇದು ಸ್ವಂತ ವಿಷಯವೇ ಆಗಿದೆ. ಆದ್ದರಿಂದ ತೇನಿ, ದಿಂಡಿಗಲ್ ಜಿಲ್ಲೆಗಳನ್ನು ಮುಂದಿಟ್ಟುಕೊಂಡು, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಪತ್ರವೊಂದು ನೋಂದಣಿಯಾಗುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ನೋಂದಣಿಯಾದ ಮಾತ್ರಕ್ಕೆ ಸರ್ಕಾರವು ‘ಈ ಆಸ್ತಿ ಇವರದೇ’ ಎಂದು ತೀರ್ಪು ಕೊಟ್ಟಂತಾಗುವುದಿಲ್ಲ. 1908ರ ನೋಂದಣಿ ಕಾಯ್ದೆಯ 34 ಮತ್ತು 35ನೆಯ ಕಲಮುಗಳ ಪ್ರಕಾರ ಅಧಿಕಾರಿಯು ವಿಚಾರಿಸುವುದು ಮುಖ್ಯವಾಗಿ ಎರಡು ಸಂಗತಿಗಳನ್ನು: ಎದುರಿಗೆ ನಿಂತವರು ಪತ್ರದಲ್ಲಿ ಹೆಸರಿಸಿದವರೇ ಹೌದೇ, ಮತ್ತು ಪತ್ರವನ್ನು ಬರೆದುಕೊಟ್ಟಿರುವುದಾಗಿ ಅವರು ಒಪ್ಪುತ್ತಾರೆಯೇ. ಮಾರುವವರಿಗೆ ನಿಜವಾಗಿ ಹಕ್ಕಿತ್ತೇ ಎಂಬುದನ್ನು ಇತ್ಯರ್ಥಪಡಿಸುವುದು ಸಿವಿಲ್ ನ್ಯಾಯಾಲಯದ ಕೆಲಸ. ಪತ್ರದ ಪ್ರತಿಯೊಂದು ಸಾಲೂ ಬರೆದುಕೊಟ್ಟವರಿಗೆ ಅರ್ಥವಾಗಿದೆಯೇ ಎಂದು ಕುಳಿತು ಪರೀಕ್ಷಿಸುವ ವ್ಯವಸ್ಥೆಯೂ ಆ ಮೇಜಿನ ಮುಂದೆ ಇಲ್ಲ. ‘ಪತ್ರ ಬರೆದುಕೊಟ್ಟಿರೇ, ಹಣ ಬಂದಿತೇ’ ಎಂಬ ಪ್ರಶ್ನೆಗೆ ‘ಹೌದು’ ಎಂದರೆ ಕಾನೂನಿನ ಕಣ್ಣಿಗೆ ಸಾಕು. ತಮಿಳು ಓದಲಾಗದ ಹಿರಿಯರಿಗೆ ನಿಜವಾದ ಅಪಾಯವಿರುವುದು ಈ ‘ಹೌದು’ ಎಂಬ ಒಂದು ಮಾತಿನಲ್ಲಿ.

ಕನ್ನಡದಲ್ಲಿಯೇ ಪತ್ರ ಬರೆಸಬಹುದೇ?

ಅನೇಕರು ಕೇಳುವ ಪ್ರಶ್ನೆಯಿದು. ಉತ್ತರ 19ನೆಯ ಕಲಮಿನಲ್ಲಿದೆ. ಪತ್ರವು ಅಧಿಕಾರಿಗೆ ತಿಳಿಯದ ಭಾಷೆಯಲ್ಲಿದ್ದು, ಆ ಭಾಷೆಯು ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದಿದ್ದರೆ, ಅದನ್ನು ನೋಂದಾಯಿಸಲು ಅವರು ನಿರಾಕರಿಸಬೇಕು. ಆದರೆ ಜಿಲ್ಲೆಯ ಬಳಕೆಯ ಭಾಷೆಗೆ ಮಾಡಿದ ಯಥಾರ್ಥ ಅನುವಾದವನ್ನೂ ಮೂಲದ ನಿಜಪ್ರತಿಯನ್ನೂ ಜೊತೆಗೆ ಸಲ್ಲಿಸಿದರೆ ಆ ತಡೆ ಇರುವುದಿಲ್ಲ. ಅಂಥ ಸಂದರ್ಭದಲ್ಲಿ ನೋಂದಣಿ ಪುಸ್ತಕಕ್ಕೆ ಏರುವುದು ಅನುವಾದ. ಮೂಲದ ಪ್ರತಿಯನ್ನು ಕಚೇರಿಯ ಕಡತದಲ್ಲಿ ಇರಿಸಿಕೊಳ್ಳುತ್ತಾರೆ ಎಂದು 62ನೆಯ ಕಲಮು ಹೇಳುತ್ತದೆ. ಎಂದರೆ ಕನ್ನಡ ಪತ್ರಕ್ಕೆ ಕಾನೂನಿನಲ್ಲಿ ಬಾಗಿಲು ಮುಚ್ಚಿಲ್ಲ, ಆದರೆ ತಮಿಳಿನ ಬೆಂಬಲವಿಲ್ಲದೆ ಅದು ಒಳಗೆ ಹೋಗುವುದಿಲ್ಲ. ತೇನಿಯಲ್ಲಿ ಸಾವಿರಾರು ಜನರು ಕನ್ನಡ ಆಡುತ್ತಾರೆ, ನಿಜ. ಆದರೆ ಬರಹದ ಬಳಕೆ ಇಲ್ಲದಿರುವುದರಿಂದ ಅಧಿಕಾರಿಯ ಮುಂದೆ ಆ ವಾದ ನಿಲ್ಲುವುದು ಕಷ್ಟ.

ವ್ಯವಹಾರದಲ್ಲಿ ಇದು ಎದುರಾಗುವ ಸಂದರ್ಭಗಳು ಮುಖ್ಯವಾಗಿ ಎರಡು. ಮೊದಲನೆಯದು ಬೆಂಗಳೂರಿನಲ್ಲಿ ನೆಲೆಸಿದ ಮಗನೋ ಮಗಳೋ ಕೊಡುವ ಅಧಿಕಾರ ಪತ್ರ. ನೋಂದಣಿಗಾಗಿ ಬೇರೆಯವರನ್ನು ಕಳುಹಿಸುವುದಾದರೆ, ಕೊಡುವವರು ವಾಸವಿರುವ ಊರಿನ ನೋಂದಣಾಧಿಕಾರಿಯ ಎದುರಿನಲ್ಲಿಯೇ ಅಧಿಕಾರ ಪತ್ರವನ್ನು ಬರೆದು ದೃಢೀಕರಿಸಿಕೊಳ್ಳಬೇಕೆಂಬುದು 33ನೆಯ ಕಲಮಿನ ನಿಯಮ. ಬೆಂಗಳೂರಿನಲ್ಲಿ ಅದು ಕನ್ನಡದಲ್ಲಿರುವುದು ಸಹಜ. ಉತ್ತಮಪಾಳೆಯಂ ಅಥವಾ ಕಂಬಂ ಕಚೇರಿಗೆ ಬರುವಾಗ ಅದರ ತಮಿಳು ಅನುವಾದವನ್ನು ಕೈಯಲ್ಲಿ ಹಿಡಿದೇ ಬರುವುದು ಒಳ್ಳೆಯದು. ಎರಡನೆಯದು ಮರಣಶಾಸನ. ಇದರ ನೋಂದಣಿ ಕಡ್ಡಾಯವಲ್ಲ, ಭಾಷೆಯ ನಿರ್ಬಂಧವೂ ಇಲ್ಲ. ಕನ್ನಡ ಬಲ್ಲ ಹಿರಿಯರು ಕನ್ನಡದಲ್ಲಿಯೇ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರ ಸಹಿಯನ್ನೂ ಪಡೆದರೆ ಅದು ಸಿಂಧುವಾಗುತ್ತದೆ. ನೋಂದಾಯಿಸಬೇಕೆಂದಾಗ ಮಾತ್ರ ಮೇಲಿನ ಅನುವಾದದ ನಿಯಮ ಬರುತ್ತದೆ. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವ ಅವಕಾಶವೂ 42ನೆಯ ಕಲಮಿನಲ್ಲಿದೆ. ಇದನ್ನು ಬಳಸುವವರು ಕಡಿಮೆ.

ಕಾಸರಗೋಡಿನ ಓದುಗರಿಗೆ ಇದು ತಿರುವುಮುರುವಾಗಿ ಕಾಣಬಹುದು. ಅಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲದ, ಅಂದರೆ 1956ಕ್ಕೂ ಹಿಂದಿನ ಪತ್ರಗಳು ಕನ್ನಡದಲ್ಲಿ ಸಿಗುತ್ತವೆ. ಅವನ್ನು ಓದಬಲ್ಲ ಕಿರಿಯರು ಬೇಕು. ತೇನಿಯಲ್ಲಿ ಬೇಕಾಗಿರುವುದು ತಮಿಳು ಓದಿ ಕನ್ನಡದಲ್ಲಿ ಹೇಳಬಲ್ಲ ಕಿರಿಯರು. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆಯ ಬಗ್ಗೆ ಭಾಷಾ ಅಲ್ಪಸಂಖ್ಯಾತರಿಗೆ ಇರುವ ತಕರಾರುಗಳು ನ್ಯಾಯವಾದವೇ. ಹಾಗಿದ್ದರೂ, ಅದರಿಂದಾಗಿ ತಮಿಳು ಓದಲು ಕಲಿತ ಮಗುವೊಂದು ಮನೆಯಲ್ಲಿದ್ದರೆ, ಅಜ್ಜಿಗೆ ಪತ್ರ ಓದಿ ಹೇಳಲು ಅದಕ್ಕಿಂತ ನಂಬಿಕಸ್ಥರು ಬೇರೆ ಸಿಗಲಾರರು. ಆದರೆ ಅಪ್ರಾಪ್ತ ವಯಸ್ಕರನ್ನು ಸಾಕ್ಷಿಯಾಗಿ ಸಹಿ ಹಾಕಿಸಬಾರದು.

‘ವಿಡುದಲೈ’ ಎಂಬ ಶಬ್ದ

ಪತ್ರದ ಮೊದಲ ಸಾಲಿನಲ್ಲಿಯೇ ಅದು ಯಾವ ಬಗೆಯ ಪತ್ರವೆಂಬುದು ಬರೆದಿರುತ್ತದೆ. ಈ ಐದಾರು ತಮಿಳು ಶಬ್ದಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು. ‘ಕಿರಯ ಪತ್ತಿರಂ’ ನಮ್ಮ ಕ್ರಯಪತ್ರ. ‘ಪಾಗಪ್ಪಿರಿವಿನೈ’ ವಿಭಾಗಪತ್ರ. ‘ದಾನ ಸೆಟಿಲ್‌ಮೆಂಟ್’ ಎಂದರೆ ಪ್ರತಿಫಲವಿಲ್ಲದೆ, ಸಾಮಾನ್ಯವಾಗಿ ಕುಟುಂಬದವರಿಗೆ, ಬರೆದುಕೊಡುವ ಪತ್ರ. ‘ಅಡಮಾನಂ’ ನಮ್ಮ ಅಡಮಾನವೇ. ‘ವಿಲ್ಲಂಗಂ’ ಎಂದರೆ ಋಣಭಾರ. ‘ವಿಲ್ಲಂಗ ಸಾನ್ರಿದಳ್’ ಋಣಭಾರ ಪ್ರಮಾಣಪತ್ರ. ‘ಮೂಲ ಪತ್ತಿರಂ’ ಅಥವಾ ‘ತಾಯ್ ಪತ್ತಿರಂ’ ಎಂದರೆ ಆಸ್ತಿಯು ಈಗಿನ ಒಡೆಯರಿಗೆ ಬಂದ ಹಿಂದಿನ ಪತ್ರ.

ಇನ್ನೊಂದು ‘ವಿಡುದಲೈ ಪತ್ತಿರಂ’. ಕನ್ನಡ ಕಿವಿಗೆ ಅದು ಬಿಡುಗಡೆಯಂತೆ ಕೇಳುತ್ತದೆ, ಅರ್ಥವೂ ಅದೇ. ಯಾವುದರಿಂದ ಬಿಡುಗಡೆ ಎಂಬುದೇ ಪ್ರಶ್ನೆ. ಸಹ ಒಡೆಯರಲ್ಲೊಬ್ಬರು ತಮ್ಮ ಪಾಲಿನ ಹಕ್ಕನ್ನು ಉಳಿದವರಿಗೆ ಬಿಟ್ಟುಕೊಡುವ ಪತ್ರವಿದು. ತಂದೆ ತೀರಿದ ಮೇಲೆ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ‘ಪಟ್ಟಾ ಬದಲಾಯಿಸಲು ಒಂದು ಸಹಿ ಬೇಕು’ ಎಂದು ಕರೆಸಿ, ಅವರ ಹೆಬ್ಬೆಟ್ಟು ಈ ಪತ್ರದ ಮೇಲೆ ಬೀಳುವುದು ಎಲ್ಲ ಭಾಷೆಯವರಲ್ಲೂ ನಡೆಯುವ ಸಂಗತಿ. ಪತ್ರವನ್ನು ಓದಲಾಗದವರಲ್ಲಿ ಅದು ಇನ್ನಷ್ಟು ಸುಲಭ. ಸಹೋದರಿಯು ಮನಸಾರೆ ಬಿಟ್ಟುಕೊಡುವುದಾದರೆ ಅದರಲ್ಲಿ ತಪ್ಪಿಲ್ಲ. ಏನನ್ನು ಬಿಟ್ಟುಕೊಡುತ್ತಿದ್ದೇನೆಂದು ಆಕೆಗೆ ತಿಳಿದಿರಬೇಕು, ಅಷ್ಟೇ.

ಹೆಣ್ಣುಮಕ್ಕಳ ಪಾಲಿನ ವಿಚಾರದಲ್ಲಿ ತಮಿಳುನಾಡು ಇಡೀ ದೇಶಕ್ಕಿಂತ ಮುಂಚೆಯೇ ಹೆಜ್ಜೆ ಇಟ್ಟಿತ್ತು. 1989ರ ಮಾರ್ಚ್ 25ರಿಂದ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯು, ಆ ದಿನಕ್ಕೆ ಮದುವೆಯಾಗಿರದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲಿನ ವಾರಸುದಾರರನ್ನಾಗಿ ಮಾಡಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿಯು ಮದುವೆಯ ಆ ಭೇದವನ್ನು ತೆಗೆದುಹಾಕಿತು. ತಂದೆಯು ಆ ದಿನದಂದು ಬದುಕಿರಲೇಬೇಕೆಂಬ ನಿಬಂಧನೆಯಿಲ್ಲವೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನಡೆದುಹೋದ ನೋಂದಾಯಿತ ವಿಭಾಗಗಳನ್ನು ಮಾತ್ರ ಇದು ಕದಲಿಸುವುದಿಲ್ಲ. ‘ಮದುವೆಯಲ್ಲಿ ಕೊಟ್ಟಾಯಿತು, ಇನ್ನೇನಿದೆ’ ಎಂಬ ಜಗಲಿಯ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಆದರೆ ನೋಂದಾಯಿತ ವಿಡುದಲೈ ಪತ್ರಕ್ಕೆ ಬೆಲೆಯಿದೆ. ತಿಳಿಯದೆ ಹಾಕಿದ ಸಹಿಯನ್ನು ಪ್ರಶ್ನಿಸಿ ಪತ್ರವನ್ನು ರದ್ದುಪಡಿಸಲು ದಾವೆ ಹೂಡಬಹುದು. ಅದಕ್ಕೆ ವಿಷಯ ತಿಳಿದ ದಿನದಿಂದ 3 ವರ್ಷಗಳ ಕಾಲಮಿತಿಯಿದೆ. ದಾವೆ ಹೂಡಲು 3 ವರ್ಷ, ಮುಗಿಯಲು ಎಷ್ಟು ವರ್ಷವೆಂಬುದನ್ನು ನ್ಯಾಯಾಲಯ ಕಂಡವರೇ ಬಲ್ಲರು.

ಆದ್ದರಿಂದ ಪತ್ರದ ಕರಡನ್ನು ಕನಿಷ್ಠ ಒಂದೆರಡು ದಿನ ಮುಂಚಿತವಾಗಿ ಮನೆಗೆ ತರಿಸಿಕೊಳ್ಳಬೇಕು. ಎದುರು ಪಕ್ಷಕ್ಕೆ ಸೇರದ ಒಬ್ಬರಿಂದ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಬೇಕು. ಹೆಬ್ಬೆಟ್ಟು ಒತ್ತುವವರಿದ್ದರೆ, ಪತ್ರವನ್ನು ಅವರಿಗೆ ಕನ್ನಡದಲ್ಲಿ ಓದಿ ವಿವರಿಸಲಾಯಿತೆಂಬ ಒಂದು ವಾಕ್ಯವನ್ನೂ, ವಿವರಿಸಿದವರ ಹೆಸರು ಮತ್ತು ಸಹಿಯನ್ನೂ ಪತ್ರದ ಕೊನೆಯಲ್ಲಿ ಸೇರಿಸಲು ಕೇಳಬಹುದು. ಪ್ರಾಮಾಣಿಕವಾಗಿ ಕೊಳ್ಳುವವರಿಗೂ ಇದರಿಂದ ಲಾಭವೇ: ನಾಳೆ ಯಾರಾದರೂ ತಕರಾರು ತೆಗೆದರೆ ಆ ವಾಕ್ಯವೇ ಅವರ ರಕ್ಷಣೆ.

ಹೆಸರು, ಅಳತೆ, ಸರ್ವೆ ಸಂಖ್ಯೆ

ಕನ್ನಡ ಮಾಧ್ಯಮದ ಕುಟುಂಬಗಳಿಗೆ ಎದುರಾಗುವ ಇನ್ನೊಂದು ತೊಡಕು ಹೆಸರಿನದು. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪ, ಫ, ಬ, ಭ ಕೂಡ ಹಾಗೆಯೇ. ಶಾಲೆಯ ವರ್ಗಾವಣೆ ಪತ್ರದಲ್ಲಿ ‘ಭಾಗ್ಯಲಕ್ಷ್ಮಿ’ ಎಂದಿರುವವಳು ಕ್ರಯಪತ್ರದಲ್ಲಿ ‘ಪಾಕ್ಕಿಯಲಟ್ಸುಮಿ’ ಆಗುತ್ತಾಳೆ. ಆಧಾರ್‌ನ ಇಂಗ್ಲಿಷ್ ಕಾಗುಣಿತ ಮೂರನೆಯ ಬಗೆಯಾಗಿರುತ್ತದೆ. ಅದರ ಮೇಲೆ ತಮಿಳುನಾಡಿನ ರೂಢಿಯಂತೆ ಹೆಸರಿನ ಮುಂದಿನ ಅಕ್ಷರ ಮದುವೆಗೆ ಮುಂಚೆ ತಂದೆಯದು, ಮದುವೆಯ ಬಳಿಕ ಗಂಡನದು. ಇಪ್ಪತ್ತು ವರ್ಷದ ನಂತರ ಇವರೆಲ್ಲರೂ ಒಬ್ಬರೇ ಎಂದು ಸಾಧಿಸಬೇಕಾಗಿ ಬರುತ್ತದೆ. ಇದಕ್ಕೆ ಪರಿಹಾರ ಪತ್ರ ಬರೆಯುವಾಗಲೇ ಇದೆ: ಎಲ್ಲ ರೂಪಗಳನ್ನೂ ‘ಎಂಬ’ ಎಂಬರ್ಥದ ‘ಎನ್ಗಿರ’ ಶಬ್ದದಿಂದ ಜೋಡಿಸಿ, ತಂದೆಯ ಮತ್ತು ಗಂಡನ ಹೆಸರುಗಳನ್ನು ಪೂರ್ಣವಾಗಿ ಬರೆಸುವುದು. ಆಮೇಲೆ ತಪ್ಪು ಕಂಡರೆ ‘ಪಿಳೈತ್ತಿರುತ್ತಲ್ ಪತ್ತಿರಂ’ ಎಂಬ ತಿದ್ದುಪಡಿ ಪತ್ರ ಮಾಡಬೇಕು. ಅದಕ್ಕೆ ಬರೆದುಕೊಟ್ಟವರು ಮತ್ತೆ ಬರಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರನ್ನೆಲ್ಲ ಕೂಡಿಸಬೇಕು.

ಅಳತೆಯಲ್ಲಿಯೂ ಎರಡು ಭಾಷೆಗಳಿವೆ. ಪತ್ರದಲ್ಲಿ ಎಕರೆ ಮತ್ತು ಸೆಂಟು, ಪಟ್ಟಾದಲ್ಲಿ ಹೆಕ್ಟೇರ್ ಮತ್ತು ಏರ್. ನೂರು ಸೆಂಟಿಗೆ ಒಂದು ಎಕರೆ. ಒಂದು ಎಕರೆಗೆ ಸುಮಾರು 40.5 ಏರ್; ಒಂದು ಏರ್‌ಗೆ ಸುಮಾರು 2.47 ಸೆಂಟು. ಪಟ್ಟಾದಲ್ಲಿ 0.40.50 ಎಂದು ಕಂಡರೆ ಅದು ಒಂದು ಎಕರೆ ಎಂದು ತಿಳಿಯಬೇಕು. ‘ನಂಜೈ’ ನೀರಾವರಿ ಭೂಮಿ, ‘ಪುಂಜೈ’ ಒಣಭೂಮಿ. 1895ರಲ್ಲಿ ಪೆರಿಯಾರ್ ಅಣೆಕಟ್ಟಿನ ನೀರು ಹರಿದ ಮೇಲೆ ಕಣಿವೆಯ ನೆಲದ ಬೆಲೆಯನ್ನು ನಿರ್ಧರಿಸುವುದೇ ಈ ಎರಡು ಶಬ್ದಗಳು; ಪತ್ರದಲ್ಲಿ ಇವು ಅದಲುಬದಲಾಗದಂತೆ ನೋಡಿಕೊಳ್ಳಬೇಕು. ಕರ್ನಾಟಕದ ಪಹಣಿಯಲ್ಲಿ ಒಟ್ಟಿಗೆ ಸಿಗುವ ಮಾಹಿತಿ ಇಲ್ಲಿ ಪಟ್ಟಾ, ಚಿಟ್ಟಾ, ಅಡಂಗಲ್ ಎಂದು ಹರಡಿಕೊಂಡಿದೆ.

ಹಳೆಯ ಪತ್ರಗಳನ್ನು ಹುಡುಕುವವರು ಜಿಲ್ಲೆಯ ಹೆಸರಿಗೆ ಬೆಚ್ಚಬಾರದು. ದಿಂಡಿಗಲ್ 1985ರಲ್ಲಿ, ತೇನಿ 1990ರ ದಶಕದ ನಡುವಿನಲ್ಲಿ ಮದುರೈಯಿಂದ ಬೇರೆಯಾದವು. ಅದಕ್ಕೂ ಹಿಂದಿನ ಪತ್ರಗಳಲ್ಲಿ ಮದುರೈ ಜಿಲ್ಲೆ ಎಂದೇ ಇರುತ್ತದೆ. ಹೆಚ್ಚು ತೊಂದರೆ ಕೊಡುವುದು ಸರ್ವೆ ಸಂಖ್ಯೆ. 1979ರಿಂದ 1980ರ ದಶಕದುದ್ದಕ್ಕೂ ನಡೆದ ಭೂದಾಖಲೆ ಪರಿಷ್ಕರಣೆಯಲ್ಲಿ ಅನೇಕ ಉಪವಿಭಾಗಗಳಿಗೆ ಹೊಸ ಸಂಖ್ಯೆ ಬಂದಿತು, ಎಷ್ಟೋ ಕಡೆ ಒಡೆಯರ ಹೆಸರೂ ತಪ್ಪಾಗಿ ಸೇರಿತು. ಅದೇ ಕಾಲದಲ್ಲಿ, 1980ರಲ್ಲಿ, ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗಿ ಊರಿನ ನೆಲದ ಗುರುತನ್ನು ಬಾಯಲ್ಲಿ ಇಟ್ಟುಕೊಂಡಿದ್ದ ಕರಣಂಗಳೂ ಹೋದರು. ತಾಯಿಪತ್ರದ ಸಂಖ್ಯೆಯೂ ಈಗಿನ ಪಟ್ಟಾದ ಸಂಖ್ಯೆಯೂ ಹೊಂದದಿದ್ದರೆ ಗ್ರಾಮ ಆಡಳಿತಾಧಿಕಾರಿಯ ಬಳಿ ಹಳೆಯ–ಹೊಸ ಸಂಖ್ಯೆಗಳ ಹೊಂದಾಣಿಕೆಯನ್ನು ವಿಚಾರಿಸಿ, ಎರಡನ್ನೂ ಪತ್ರದ ಷೆಡ್ಯೂಲಿನಲ್ಲಿ ಬರೆಸಬೇಕು. ನಾಲ್ಕು ಎಲ್ಲೆಗಳನ್ನು ಹಳೆಯ ಪತ್ರದಿಂದ ನಕಲು ಮಾಡದೆ, ನೆಲದ ಮೇಲೆ ನಿಂತು, ಈಗಿನ ನೆರೆಯವರ ಹೆಸರಿನಿಂದ ಗುರುತಿಸಬೇಕು.

ಹಣ, ಕಚೇರಿ, ಕಾಲಮಿತಿ

ಪತ್ರ ಬರೆಯುವ ಮೊದಲು ಋಣಭಾರ ಪ್ರಮಾಣಪತ್ರವನ್ನು ಪಡೆದು ನೋಡಬೇಕು. ತಮಿಳುನಾಡು ನೋಂದಣಿ ಇಲಾಖೆಯ ಜಾಲತಾಣದಲ್ಲಿ ಬಹುತೇಕ ಕಚೇರಿಗಳ ವಿವರ 1975ರಿಂದ ಈಚೆಗೆ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಇದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಬಾಯಿಮಾತಿನ ಸಾಲ, ನೋಂದಾಯಿಸದ ಭೋಗ್ಯ, ಬಾಕಿ ದಾವೆ ಇವು ಕಾಣುವುದಿಲ್ಲ. ಗದ್ದೆ ಒಡೆದು ನಿವೇಶನ ಮಾಡಿರುವ ಕಡೆ ಬಡಾವಣೆಗೆ ಅನುಮೋದನೆ ಇದೆಯೇ ಎಂದು ಕೇಳಲೇಬೇಕು. ಅನುಮೋದನೆ ಇಲ್ಲದ ಹೊಸ ನಿವೇಶನಗಳ ನೋಂದಣಿಯನ್ನು ರಾಜ್ಯದ 22-ಎ ಕಲಮು ತಡೆಯುತ್ತದೆ.

ಕ್ರಯಪತ್ರಕ್ಕೆ ಮುದ್ರಾಂಕ ಮತ್ತು ವರ್ಗಾವಣೆ ಶುಲ್ಕ ಸೇರಿ 7 ಶೇಕಡ, ನೋಂದಣಿ ಶುಲ್ಕ 2 ಶೇಕಡ. 2023ರ ಏಪ್ರಿಲ್ 1ರಂದು ಮಾರ್ಗಸೂಚಿ ಬೆಲೆಯನ್ನು ಏರಿಸಿದಾಗ ನೋಂದಣಿ ಶುಲ್ಕವನ್ನು 4ರಿಂದ 2ಕ್ಕೆ ಇಳಿಸಲಾಯಿತು. ಲೆಕ್ಕ ಹಾಕುವುದು ಪತ್ರದಲ್ಲಿ ಬರೆದ ಬೆಲೆ ಮತ್ತು ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ. 10 ಲಕ್ಷದವರೆಗಿನ ಆಸ್ತಿಯನ್ನು ಮಹಿಳೆಯ ಹೆಸರಿಗೆ ನೋಂದಾಯಿಸಿದರೆ 2025ರ ಏಪ್ರಿಲ್‌ನಿಂದ ನೋಂದಣಿ ಶುಲ್ಕದಲ್ಲಿ 1 ಶೇಕಡ ರಿಯಾಯಿತಿಯಿದೆ. 8 ಲಕ್ಷದ ಹೊಲಕ್ಕೆ ಗಂಡನ ಹೆಸರಿನಲ್ಲಾದರೆ 72,000 ರೂಪಾಯಿ, ಹೆಂಡತಿಯ ಹೆಸರಿನಲ್ಲಾದರೆ 64,000. ಕುಟುಂಬದೊಳಗಿನ ಸೆಟಿಲ್‌ಮೆಂಟ್, ವಿಭಾಗ, ವಿಡುದಲೈ ಪತ್ರಗಳಿಗೆ ದರ ಕಡಿಮೆ, ಗರಿಷ್ಠ ಮಿತಿಯೂ ಇದೆ. ದರಗಳು ಬದಲಾಗುತ್ತಿರುವುದರಿಂದ ಹಣ ಹೊಂದಿಸುವ ಮುನ್ನ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಈ ಖರ್ಚನ್ನು ಉಳಿಸಲು ಕೇವಲ ಕರಾರುಪತ್ರ ಅಥವಾ ಸಾಮಾನ್ಯ ಅಧಿಕಾರ ಪತ್ರದ ಮೇಲೆ ನೆಲ ‘ಕೊಳ್ಳುವವರು’ ಇನ್ನೂ ಇದ್ದಾರೆ. ಅದರಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿಯೇ ಹೇಳಿದೆ.

ಪತ್ರವನ್ನು ಪಕ್ಷಗಾರರೇ ಬರೆದುಕೊಳ್ಳಬಹುದು. ಪರವಾನಗಿ ಪಡೆದ ಪತ್ರಬರಹಗಾರರಿಂದಲೋ ವಕೀಲರಿಂದಲೋ ಬರೆಸುವುದು ರೂಢಿ. ಸಹಿ ಮಾಡಿದ ದಿನದಿಂದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಅನಿವಾರ್ಯ ಕಾರಣವಿದ್ದರೆ ಇನ್ನೂ 4 ತಿಂಗಳ ಅವಕಾಶವಿದೆ, ಆದರೆ ನೋಂದಣಿ ಶುಲ್ಕದ ಹತ್ತರಷ್ಟರವರೆಗೆ ದಂಡ ಬೀಳಬಹುದು. ಜಾಲತಾಣದಲ್ಲಿ ಸಮಯ ಕಾಯ್ದಿರಿಸಿ, ಬರೆದುಕೊಡುವವರು, ಬರೆಸಿಕೊಳ್ಳುವವರು ಮತ್ತು ಇಬ್ಬರು ಸಾಕ್ಷಿಗಳು ಗುರುತಿನ ಚೀಟಿಯೊಂದಿಗೆ ಹೋಗಬೇಕು, ಮೂಲಪತ್ರವನ್ನು ಮರೆಯಬಾರದು. ಹಾಸಿಗೆ ಹಿಡಿದ ಹಿರಿಯರನ್ನು ಎತ್ತಿಕೊಂಡು ಹೋಗುವ ಅಗತ್ಯವಿಲ್ಲ. ತಕ್ಕ ಕಾರಣ ತೋರಿಸಿದರೆ ಅಧಿಕಾರಿಯೇ ಮನೆಗೆ ಬರಲು ಕಾಯ್ದೆಯಲ್ಲಿ ಅವಕಾಶವಿದೆ.

ಯಾವ ಕಚೇರಿಗೆ ಹೋಗಬೇಕೆಂಬುದನ್ನು ನಿರ್ಧರಿಸುವುದು ನೆಲ, ಒಡೆಯರ ವಾಸವಲ್ಲ. ಕಂಬಂನಲ್ಲಿ ಮನೆಯೂ ಬೆಟ್ಟದ ಆಚೆ ಕುಮಳಿ, ವಂಡನ್ಮೇಡು ಕಡೆ ಏಲಕ್ಕಿ ತೋಟವೂ ಇರುವ ಕುಟುಂಬಗಳು ಕಣಿವೆಯಲ್ಲಿ ಇವೆ. ಅವರು ಮನೆಯನ್ನು ತಮಿಳುನಾಡಿನಲ್ಲಿಯೂ ತೋಟವನ್ನು ಇಡುಕ್ಕಿ ಜಿಲ್ಲೆಯ ಕಚೇರಿಯಲ್ಲಿಯೂ ನೋಂದಾಯಿಸಬೇಕು. ಅಲ್ಲಿ ಪತ್ರ ಮಲಯಾಳದಲ್ಲಿರುತ್ತದೆ, ಕೇರಳದ ದರ ಮುದ್ರಾಂಕಕ್ಕೆ 8, ನೋಂದಣಿಗೆ 2 ಶೇಕಡ. ಕನ್ನಡ ಮನೆಯೊಂದಕ್ಕೆ ಎರಡು ಪರಭಾಷೆಯ ಪತ್ರಗಳು!

ಅಧಿಕಾರಿಯು ನೋಂದಣಿಯನ್ನು ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಆ ಆದೇಶದ ದಿನದಿಂದ 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಭಾಷೆಯ ಕಾರಣದಿಂದ ಅನ್ಯಾಯವಾಯಿತೆನಿಸಿದರೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಅದು ಅಹವಾಲಿಗೆ ಅನ್ವಯಿಸುತ್ತದೆ, ಕ್ರಯಪತ್ರಕ್ಕಲ್ಲ.

ನೋಂದಣಿ ಮುಗಿದ ಮೇಲೆ ಪಟ್ಟಾ ಉಳಿದಿರುತ್ತದೆ. ಇಡೀ ಸರ್ವೆ ಸಂಖ್ಯೆ ಅಥವಾ ಇಡೀ ಉಪವಿಭಾಗವನ್ನು ಕೊಂಡಿದ್ದರೆ ಹೆಸರು ಬದಲಾವಣೆ ಸುಲಭವಾಗಿ ಆಗುತ್ತದೆ. ಅದರ ಒಂದು ಭಾಗವನ್ನಷ್ಟೇ ಕೊಂಡಿದ್ದರೆ ಭೂಮಾಪಕರು ಬಂದು ಅಳೆದು ಹೊಸ ಉಪವಿಭಾಗ ಮಾಡಬೇಕು. ಅಳೆಯುವ ದಿನ ನೆರೆಹೊಲದವರ ಸಮ್ಮುಖದಲ್ಲಿ ಹಾಜರಿದ್ದು, ನಕ್ಷೆಯನ್ನು ಪತ್ರದ ಎಲ್ಲೆಗಳೊಂದಿಗೆ ಹೋಲಿಸಿ ನೋಡಬೇಕು. ಹೊಸ ಪಟ್ಟಾ ಕೈಗೆ ಬಂದ ಕೂಡಲೇ ಅದರಲ್ಲಿರುವ ಹೆಸರಿನ ಕಾಗುಣಿತವನ್ನು ಪತ್ರದೊಂದಿಗೂ ಆಧಾರ್‌ನೊಂದಿಗೂ ತಾಳೆ ನೋಡುವುದು, ತಪ್ಪಿದ್ದರೆ ಅದೇ ವಾರ ತಾಲ್ಲೂಕು ಕಚೇರಿಗೆ ಅರ್ಜಿ ಕೊಡುವುದು ಕೊನೆಯ ಕೆಲಸ.